ಐದೇ ಸೀಟು ಬಾಕಿ

ಒಂದೇ ಸರ್ವರಿನಲ್ಲಿ ಎರಡು ಪ್ರೋಗ್ರಾಂಗಳು ಸಂಸಾರ ಹೂಡಿದ್ದವು. ಒಂದರ ಬಳಿ ಬಸ್ಸಿನ ಸೀಟುಗಳ ನಕ್ಷೆ, ಇನ್ನೊಂದರದು ಟಿಕೆಟ್ ಹರಿಯುವ ಕೆಲಸ. ಪಕ್ಕದ ಕೋಣೆಯವರು ಮಾತಾಡಲು ಅಂಚೆಕಚೇರಿಗೆ ಹೋಗಿ ಬರುವಂತೆ, ಪ್ರತಿ ಟಿಕೆಟ್ಟಿಗೂ ನಕ್ಷೆಯ ನಕಲೊಂದು ನೆಟ್‌ವರ್ಕ್ ಸುತ್ತಿ ಬರಬೇಕಿತ್ತು. ಮುಖ್ಯ ತಂತ್ರಜ್ಞ ಗಿಟೊಂಗಾನ ಅಪ್ಪಣೆ ಅದು. ನಾಳೆ ಬಸ್ ಕಂಪನಿ ಆಫ್ರಿಕಾದ ತುಂಬ ಬೆಳೆದರೆ ಎಂಬ ದೂರದೃಷ್ಟಿ ಅವನದು. ಇವತ್ತು ನೈರೋಬಿಯ ಕೌಂಟರಿನಲ್ಲಿ ಜನರ ಕಾಲು ಬಿದ್ದುಹೋಗುತ್ತಿದ್ದುದು ಅಷ್ಟು ಹತ್ತಿರಕ್ಕೆ ಕಾಣುತ್ತಿರಲಿಲ್ಲ.

ಅವನ ಕೈಕೆಳಗೆ ಹೊಸದಾಗಿ ಸೇರಿದ್ದ ಮೊರಾಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈಸ್ಟರಿನ ನೂಕುನುಗ್ಗಲಿನಲ್ಲಿ ಟಿಕೆಟ್ ಬೇಗ ಬಂದರೆ ಕಾಯಂ, ಇಲ್ಲದಿದ್ದರೆ ಮನೆಗೆ ಎಂದಿದ್ದರು ಎಲ್ಲರೂ ಮ್ಜೀ, ಅಂದರೆ ಹಿರಿಯರು, ಎಂದು ಕರೆಯುವ ಯಜಮಾನರು ಓಂಬಾಸಾ. ಅವಳು ಎರಡೂ ಪ್ರೋಗ್ರಾಂಗಳ ನಡುವೆ ಒಳಬಾಗಿಲೊಂದನ್ನು ಇಟ್ಟಳು. ಇನ್ನು ನಕಲೂ ಇಲ್ಲ, ಸುತ್ತಾಟವೂ ಇಲ್ಲ; ಟಿಕೆಟ್ಟಿನ ಪ್ರೋಗ್ರಾಂ ನೇರವಾಗಿ ಮೂಲ ನಕ್ಷೆಯನ್ನೇ ಮುಟ್ಟಬಹುದು. ಟಿಕೆಟ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬರತೊಡಗಿತು.

ಈಸ್ಟರಿನ ಹಿಂದಿನ ಗುರುವಾರ ಕಿಸೀ ಊರಿಗೆ ಹೊರಟ ಬಸ್ಸುಗಳಲ್ಲಿ ತಲಾ ಐದೈದೇ ಜನ. ಗೇಟಿನ ಹೊರಗೆ ಊರಿಗೆ ಹೋಗಬೇಕಾದವರೆಲ್ಲ ನಿಂತು ಬಯ್ಯುತ್ತಿದ್ದರು.

"ಸೀಟೆಲ್ಲಾ ಭರ್ತಿ ಅಂತ ಬರೆದಿದ್ಯಾರು?" ಎಂದರು ಮ್ಜೀ.

ಮೊರಾ ಹುಡುಕಿದಳು. ಗಿಟೊಂಗಾನದೇ ಕೈವಾಡ. ಗಿರಾಕಿ ಗಾಬರಿಬಿದ್ದು ದುಡ್ಡು ಬಿಚ್ಚಲೆಂದು ಅವನ ಟಿಕೆಟ್ ಪ್ರೋಗ್ರಾಂ ಐದು ಬಿಟ್ಟು ಉಳಿದ ಸೀಟಿಗೆಲ್ಲ ಭರ್ತಿ ಎಂದು ಗೀಟು ಹೊಡೆದು ತೋರಿಸುತ್ತಿತ್ತು. ಇಷ್ಟು ವರ್ಷ ಗೀಟು ಬೀಳುತ್ತಿದ್ದುದು ನಕಲಿನ ಮೇಲೆ, ನಕಲು ಹೋಗುತ್ತಿದ್ದುದು ಕಸಕ್ಕೆ. ಈಗ ಅದು ಮೂಲದ ಮೇಲೇ ಬಿದ್ದಿತ್ತು. ಬಾಗಿಲು ತೆರೆಯುವ ಆತುರದಲ್ಲಿ, ಬರುವವನ ಕೈಯಲ್ಲಿ ಪೆನ್ನಿದೆಯೇ ಎಂದು ಅವಳೂ ನೋಡಿರಲಿಲ್ಲ.

"ಬಾಗಿಲು ಇಟ್ಟಿದ್ದು ಇವಳೇ, ಮ್ಜೀ," ಎಂದ ಗಿಟೊಂಗಾ. "ಕಂಡಕಂಡವ್ರು ಒಳಗೆ ನುಗ್ಗೋ ಹಾಗೆ ಮಾಡ್ಬೇಡ ಅಂತ ಬಡ್ಕೊಂಡೆ."

"ಸುಳ್ಳು ಗೀಟು ಹೊಡೆದಿದ್ದು ನೀವಲ್ವಾ ಸಾರ್?"

"ಅದು ಸುಳ್ಳಲ್ಲಮ್ಮ, ವ್ಯಾಪಾರ."

ಮ್ಜೀ ಗಡ್ಡ ಕೆರೆದುಕೊಂಡರು. "ನೋಡಮ್ಮ, ಅವನ ಸುಳ್ಳಿಂದ ಇಷ್ಟು ವರ್ಷ ಒಂದು ಬಸ್ಸೂ ಖಾಲಿ ಹೋಗ್ಲಿಲ್ಲ. ನಿನ್ನ ಬಾಗಿಲು ಒಂದೇ ದಿನಕ್ಕೆ ಮುಳುಗಿಸ್ತು. ಅದನ್ನ ಮುಚ್ಚಿ, ನೀನು ಮನೆಗೆ ಹೋಗು."

ಸಂಜೆ ಮೊರಾ ಚೀಲ ಹೊತ್ತು ಎದುರು ಬಸ್ ಕಂಪನಿಯ ಕೌಂಟರಿನಲ್ಲಿ ನಿಂತಳು. ಅವಳ ಊರೂ ಕಿಸೀಯೇ. ಪರದೆಯ ಮೇಲೆ ಕೆಂಪು ಅಕ್ಷರ: ಐದೇ ಸೀಟು ಬಾಕಿ. ಆ ಐದರ ಹಣೆಬರಹ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಆದರೂ ಮುಂದಿದ್ದ ಮುದುಕನನ್ನು ಮೊಣಕೈಯಿಂದ ಸರಿಸಿ ದುಡ್ಡು ಚಾಚಿದಳು.