ಭಾವನ ಸರದಿ

"ಭಾವ ಪಾಯಿಂಟ್ ಬರ್ಕೊಳ್ಲಿ ಬಿಡಕ್ಕ," ಎಂದ ತಮ್ಮ, ಚೀಟಿ ತುಂಬಿದ ಡಬ್ಬಿಯನ್ನು ಅಲ್ಲಾಡಿಸುತ್ತ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆರು ತಿಂಗಳ ಹಿಂದೆ ಲಕ್ವ ಹೊಡೆದಾಗಿನಿಂದ ಗಂಡನ ನಾಲಿಗೆಗೆ ಬೇಕಾದ ಮಾತು ಸಿಗುತ್ತಿರಲಿಲ್ಲ, ನಿಜ. ಬುದ್ಧಿಗೇನಾಗಿತ್ತು? ಮೂವತ್ತು ವರ್ಷ ಕರೆಂಟು ಕಂಬ ಹತ್ತಿದವರು ಈಗ ಇವನಿಗೆ ಗುಮಾಸ್ತರಾಗಬೇಕೆ?

"ಚೀಟೀಲಿರೋ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ಬೇಕು, ಅಷ್ಟೇ ತಾನೆ ನಿನ್ನ ಆಟ? ನಿಮ್ಮ ಭಾವ ದಿನಾ ಮಾಡ್ತಿರೋದೇ ಅದು! ಅವರು ನನ್ನ ಜೋಡಿ. ಆಡೋದಾದ್ರೆ ಆಡು, ಇಲ್ದಿದ್ರೆ ಡಬ್ಬಿ ಮುಚ್ಚು."

ತಮ್ಮ ಮೋರೆ ಊದಿಸಿಕೊಂಡು ಮರಳುಗಡಿಯಾರವನ್ನು ಮಗುಚಿಟ್ಟ. ಒಂದು ನಿಮಿಷ, ಅಷ್ಟರಲ್ಲಿ ಜೋಡಿ ಎಷ್ಟು ಚೀಟಿ ಗುರುತಿಸಿದರೆ ಅಷ್ಟು ಪಾಯಿಂಟು. ಅವನ ಹೆಂಡತಿ ಸದ್ದಿಲ್ಲದೆ ಭಾವನ ಕನ್ನಡಕ ಒರೆಸಿ ಕೈಗಿತ್ತಳು.

"ಮಳೆ... ಕೈ..." ಎಂದ ಗಂಡ, ಮೊದಲ ಚೀಟಿ ಬಿಡಿಸಿ.

"ಕೊಡೆ!"

"ಕಸ..."

"ಪೊರಕೆ!"

"ಬಾ... ಬಾಗಿಲು..."

"ಬೀಗ! ನೋಡಿದ್ಯೇನೋ?" ಅಕ್ಕ ತಮ್ಮನತ್ತ ತಿರುಗಿದಳು.

ಗಂಡ ಮೇಜಿಗೆ ಗುದ್ದಿದ ಏಟಿಗೆ ಲೋಟಗಳು ನೆಗೆದವು. "ಸು... ಸುಮ್ನಿರು! ನಾನು... ನಾನು ಹೇಳ್ಬೇಕು. ನೀನು... ಕಿತ್ಕೋತೀಯ."

"ನಿಮಗೋಸ್ಕರ ಜಗಳ ಆಡಿದ್ನಲ್ಲ ರೀ!"

"ದಿನಾ... ಕಿತ್ಕೋತೀಯ."

ಡಾಕ್ಟರ ಮುಂದೆ, ಅಂಗಡಿಯಲ್ಲಿ, ಫೋನಿನಲ್ಲಿ, ಅವರ ತುಟಿ ಅಲುಗುವ ಮೊದಲೇ ಮಾತು ಮುಗಿಸಿಕೊಟ್ಟವಳು ಅವಳೇ. ಅದನ್ನು ಸೇವೆ ಎಂದುಕೊಂಡಿದ್ದಳು. ತಮ್ಮನ ಮೇಲೆ ಏರಿದ್ದ ಸಿಟ್ಟು ಇಳಿಯಲು ಜಾಗವಿಲ್ಲದೆ ಅವಳ ಎದೆಯಲ್ಲೇ ಕೂತು ಕುದಿಯತೊಡಗಿತು.

ಗಂಡ ಇನ್ನೊಂದು ಚೀಟಿ ಬಿಡಿಸಿದ. "ಗೋಡೆ... ಒರಗ್ಸು..."

ಅವಳಿಗೆ ಆಗಲೇ ಗೊತ್ತಾಯಿತು. ತುಟಿ ಕಚ್ಚಿ ಹಿಡಿದಳು.

"ಕಾಲು... ಒಂದೊಂದೇ... ಮೇಲೆ..."

ಮರಳು ಪೂರಾ ಇಳಿಯಿತು. "ಟೈ—" ಎಂದ ತಮ್ಮನ ತೊಡೆಯನ್ನು ಅವನ ಹೆಂಡತಿ ಚಿವುಟಿದಳು.

"ಕೆಳಗೆ... ಒಬ್ರು ಹಿಡ್ಕೋಬೇಕು. ಗಟ್ಟಿಯಾಗಿ." ಗಂಡ ಉಸಿರು ಎಳೆದುಕೊಂಡು ಹೆಂಡತಿಯನ್ನೇ ದುರುಗುಟ್ಟಿ ನೋಡಿದ. "ಅವ್ರು... ಹತ್ತಬಾರ್ದು."

ಗಂಡ ಚೀಟಿಯನ್ನು ಮೇಜಿನ ಮೇಲೆ ಮಗುಚಿಟ್ಟ.

"ಹೂಂ. ಈಗ... ಹೇಳು."

"ಏಣಿ," ಎಂದಳು ಅವಳು, ಇನ್ನೂ ಸಿಡುಕುತ್ತಲೇ.