ಗ್ಲೆಂಡಾಳ ಮುಖ

ನನ್ನ ಹೆಂಡತಿ ರೋವೆನಾ ವಾಷಿಂಗ್ಟನ್ನಿನ ಸಂಸತ್ ಸೀಟಿಗೆ ನಿಂತಾಗ ಅವಳ ತಮ್ಮ ಡ್ವೈಟ್ ಅವಳ ಪರ ಒಂದು ಸ್ವತಂತ್ರ ಪ್ರಚಾರ ಸಮಿತಿ ತೆರೆದ. ಇಂಥ ಸಮಿತಿ ಯಾರಿಂದ ಎಷ್ಟು ಹಣ ಬೇಕಾದರೂ ಎತ್ತಬಹುದು, ಎಷ್ಟು ಬೇಕಾದರೂ ಸುರಿಯಬಹುದು. ಪ್ರಚಾರದ ಬಗ್ಗೆ ಅಭ್ಯರ್ಥಿಯ ಜೊತೆ ಮಾತಾಡಿಕೊಳ್ಳುವಂತಿಲ್ಲ, ಅಷ್ಟೇ. ಕಲ್ಲುಕ್ವಾರಿಯ ಸಾಹುಕಾರನೊಬ್ಬ ಡ್ವೈಟನಿಗೆ ಕೈಬಿಚ್ಚಿ ಕೊಟ್ಟ. ಅಂದಿನಿಂದ ಭಾನುವಾರದ ಊಟಕ್ಕೆ ಅಕ್ಕ ತಮ್ಮ ಎದುರುಬದುರು ಕೂತು ಫುಟ್‌ಬಾಲು, ಮಳೆ, ಅಮ್ಮನ ಮೊಣಕಾಲು ಇಷ್ಟನ್ನೇ ಮಾತಾಡಿದರು. ಇಂಥ ಕಾನೂನು ಮಾಡಿದವರಿಗೆ ದೊಡ್ಡ ನಮಸ್ಕಾರ.

ಬಾಯಿ ಕಟ್ಟಿದ್ದರೂ ದಾರಿಯಿತ್ತು. ಎಲ್ಲರೂ ಮಾಡುವಂತೆ ರೋವೆನಾಳ ಕಚೇರಿಯವರು ಅವಳ ವಿಡಿಯೊ ತುಣುಕುಗಳನ್ನು ದನಿಯಿಲ್ಲದೆ ವೆಬ್‌ಸೈಟಿಗೆ ಹಾಕಿದರು. ಸಮಿತಿಯವರು ಎತ್ತಿಕೊಂಡು ತಮ್ಮ ದನಿ ಕೂಡಿಸಲಿ ಎಂದೇ ಅದು. ಒಂದು ತುಣುಕಿನಲ್ಲಿ ಪಕ್ಕದ ಮನೆಯ ಗ್ಲೆಂಡಾ ರೋವೆನಾಳ ಹೆಗಲಿಗೆ ತಲೆಯಿಟ್ಟು ಅಳುತ್ತಿದ್ದಳು. ಹಿಂದಿನ ಚಳಿಗಾಲ ಅವಳ ಮಗ ಟ್ರಾವಿಸ್ ನೋವಿನ ಮಾತ್ರೆಯ ಚಟಕ್ಕೆ ಬಲಿಯಾಗಿದ್ದ. ಕ್ಯಾಮೆರಾ ಇದ್ದದ್ದು ಗ್ಲೆಂಡಾಳಿಗೆ ಗೊತ್ತಿತ್ತು. ಹಳೆಯ ಗೆಳತಿಗಾಗಿ ಹೂಂ ಅಂದಿದ್ದಳು.

ಅಕ್ಟೋಬರಿನಲ್ಲಿ ಡ್ವೈಟನ ಜಾಹೀರಾತು ಬಂತು. ಗ್ಲೆಂಡಾಳ ಅಳುವ ಮುಖ, ಅದರ ಮೇಲೊಂದು ಗಡಸು ದನಿ: ಎದುರಾಳಿ ಮಾತ್ರೆ ಕಂಪನಿಗಳ ಹಣ ತಿಂದ, ಈ ತಾಯಿಯ ಮಗನನ್ನು ಕೊಂದ. ಪಂದ್ಯದ ನಡುವೆ, ಸುದ್ದಿಯ ನಡುವೆ, ಎಲ್ಲಿ ನೋಡಿದರೂ ಅದೇ. ಗ್ಲೆಂಡಾ ನಮ್ಮ ಬಾಗಿಲಿಗೆ ಬಂದಳು. ಅಂಗಡಿಯಲ್ಲಿ ಜನ ಬೆರಳು ಮಾಡಿ ತೋರಿಸುತ್ತಾರೆ, ನನ್ನ ಮಗನನ್ನು ದಿನಾ ಸಾಯಿಸುತ್ತಿದ್ದಾರೆ ಎಂದಳು.

"ನಿನ್ ತಮ್ಮಂಗೆ ಒಂದ್ ಮಾತು ಹೇಳೇ. ನಿಲ್ಸು ಅನ್ನು, ಸಾಕು."

ರೋವೆನಾ ಫೋನ್ ಎತ್ತಿದಳು. ಅವಳ ವಕೀಲ ತಡೆದ. ತಮ್ಮನಿಗೆ ಗುಟ್ಟಾಗಿ ಹೇಳಿದರೆ ಕೇಸಾಗುತ್ತದೆ, ಹೇಳುವುದಿದ್ದರೆ ಎಲ್ಲರೆದುರು ಹೇಳಿ ಎಂದ. ಮರುದಿನ ಅವಳು ಟಿವಿಯವರ ಮುಂದೆ ನಿಂತು, ಆ ಜಾಹೀರಾತು ಹೊಲಸು, ದಯವಿಟ್ಟು ತೆಗೆಯಿರಿ ಎಂದು ಅಳುತ್ತ ಬೇಡಿಕೊಂಡಳು.

ಆದರೆ ನಮ್ಮಲ್ಲಿ ಎಲ್ಲ ಅಭ್ಯರ್ಥಿಗಳೂ ಹೀಗೇ ಬೇಡಿಕೊಳ್ಳುತ್ತಾರೆ. ಕೆಸರು ಸಮಿತಿ ಎರಚಬೇಕು, ಅಭ್ಯರ್ಥಿ ಛೀ ಅನ್ನಬೇಕು. ಛೀ ಅಂದರೆ ಕೆಸರು ಸರಿಯಾಗಿ ತಾಗಿದೆ ಎಂದು ಅರ್ಥ. ಡ್ವೈಟ್ ಹಾಗೇ ತಿಳಿದ. ಸಾಹುಕಾರನಿಂದ ಮತ್ತಷ್ಟು ಹಣ ತಂದು ಜಾಹೀರಾತನ್ನು ದುಪ್ಪಟ್ಟು ಮಾಡಿದ.

ಭಾನುವಾರ ಊಟದ ಮೇಜಿನಲ್ಲಿ ರೋವೆನಾ ಕಾನೂನುಗೀನೂನು ಬದಿಗಿಟ್ಟು ಅವನ ತೋಳು ಹಿಡಿದಳು.

"ನಾನ್ ನಿಜವಾಗ್ಲೂ ಹೇಳಿದ್ದು ಕಣೋ. ತೆಗಿ ಅದನ್ನ."

ಅವನು ಎರಡೂ ಕಿವಿ ಮುಚ್ಚಿಕೊಂಡು ನಕ್ಕ. "ನಂಗೇನೂ ಕೇಳಿಸ್ಲಿಲ್ಲಪ್ಪ. ಆ ಪೈ ಸ್ವಲ್ಪ ಈ ಕಡೆ ಕೊಡಿ."

ಅವನ ಕುತ್ತಿಗೆ ಹಿಸುಕಬೇಕೆನಿಸಿತು. ಸೇಬಿನ ಪೈ ದಾಟಿಸಿದೆ.

ರೋವೆನಾ ಗೆದ್ದಳು. ಮರುದಿನ ಬೆಳಿಗ್ಗೆ ಮನೆ ತುಂಬ ಬಂದಿದ್ದ ಹೂಗುಚ್ಛಗಳನ್ನು ಬಿಟ್ಟು ಗ್ಲೆಂಡಾಳ ಮನೆಗೆ ನಡೆದಳು, ಹಿಂದೆ ನಾನೂ ಹೋದೆ. ಗ್ಲೆಂಡಾ ಬಾಗಿಲನ್ನು ಅರ್ಧವೇ ತೆರೆದಳು. ಅದನ್ನು ನಿಲ್ಲಿಸಲು ಎಷ್ಟು ಬೇಡಿಕೊಂಡೆ, ಟಿವಿಯಲ್ಲಿ ನೋಡಿದೆಯಲ್ಲ ಎಂದು ರೋವೆನಾ ಕೇಳಿದಳು.

"ನೋಡ್ದೆ ಕಣೇ," ಎಂದಳು ಗ್ಲೆಂಡಾ. "ಚೆನ್ನಾಗಿ ಅತ್ತೆ. ಯಾರ್ ಹೇಳ್ಕೊಟ್ರು?"

ದನಿಯಲ್ಲಿ ಕೋಪವೂ ಇರಲಿಲ್ಲ. ಬಾಗಿಲು ಹಾಕಿಕೊಂಡಳು. ರೋವೆನಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿದಳು. ಅವಳನ್ನು ಹಿಡಿದುಕೊಳ್ಳುವ ಮೊದಲು ನಾನು, ಅವಳ ಗಂಡ, ಎಲ್ಲಾದರೂ ಕ್ಯಾಮೆರಾ ಇದೆಯೇ ಎಂದು ಬೀದಿಯತ್ತ ಒಮ್ಮೆ ನೋಡಿದೆ.