ರಿಂಗಿನ ಮೇಲಿನ ಚೆಂಡು

ಬೇರೆಯವರ ವಿಷಯದಲ್ಲಿ ಮೂಗು ತೂರಿಸಬೇಡ ಎಂದು ನನ್ನ ಮಗಳು ನನಗೆ ಹೇಳುತ್ತಲೇ ಇರುತ್ತಾಳೆ. ಹೇಳಿ ಹೇಳಿ ಅವಳ ಬಾಯಿ ನೋಯಬೇಕೇ ಹೊರತು ನಾನು ಬದಲಾಗುವವಳಲ್ಲ. ನಾನು ಬಾಸ್ಕೆಟ್‌ಬಾಲ್ ಕ್ಲಬ್ಬೊಂದರಲ್ಲಿ ಆಟಗಾರರ ಕಾಲಿಗೆ, ಮಂಡಿಗೆ, ಬೆರಳಿಗೆ ಪಟ್ಟಿ ಕಟ್ಟುವವಳು. ಎಲ್ಲರೂ ನನ್ನನ್ನು ಪಟ್ಟಿಯಮ್ಮ ಎನ್ನುತ್ತಾರೆ. ಮೇಜಿನ ಮೇಲೆ ಕಾಲು ಚಾಚಿ ಕೂತವನು ಅರ್ಧ ಕಟ್ಟಿದ ಪಟ್ಟಿಯ ಜೊತೆ ಎದ್ದು ಓಡುವಂತಿಲ್ಲ. ಹೀಗಾಗಿ ನಾನು ಕೇಳುತ್ತೇನೆ, ಅವರು ಹೇಳುತ್ತಾರೆ. ಯಾರ ಮದುವೆ ಮುರಿಯಿತು, ಯಾರು ಯಾವ ಕ್ಲಬ್ಬಿನ ಜೊತೆ ಗುಟ್ಟಾಗಿ ಮಾತಾಡುತ್ತಿದ್ದಾರೆ, ಎಲ್ಲವೂ ಮೊದಲು ಬರುವುದು ನನ್ನ ಕಿವಿಗೇ.

ಒಬ್ಬನೇ ಒಬ್ಬ ಬಾಯಿ ಬಿಡದವನು ನನ್ನ ಅಳಿಯ. ತಂಡದಲ್ಲಿ ಅವನ ಹೆಸರು ಏಣಿ. ಚಿಗುರು ಮೀಸೆಯ ಹುಡುಗನಾಗಿ ಕ್ಲಬ್ಬಿಗೆ ಬಂದಾಗಲೇ ಅವನ ಕಾಲಿಗೆ ಪಟ್ಟಿ ಕಟ್ಟಿದವಳು ನಾನು. ಆಮೇಲೆ ಅವನು ನನ್ನ ಮಗಳನ್ನು ಕಟ್ಟಿಕೊಂಡ. ಇಬ್ಬರೂ ಬೇರೆ ಖಂಡಕ್ಕೆ ಹೋದರು, ಅವನು ಅಲ್ಲಿನ ದೊಡ್ಡ ಲೀಗಿನಲ್ಲಿ ವರ್ಷಗಟ್ಟಲೆ ಆಡಿ ಮೊಣಕಾಲು ಸವೆಸಿಕೊಂಡ ಮೇಲೆ, ಕಳೆದ ವರ್ಷ ವಾಪಸು ಬಂದರು. ಮಗಳು ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿ, "ಅಮ್ಮಾ, ಇನ್ನು ನಾನು ಗಂಟುಮೂಟೆ ಕಟ್ಟೋದೂ ಇಲ್ಲ, ಬಿಚ್ಚೋದೂ ಇಲ್ಲ" ಎಂದಿದ್ದಳು. ಮೊಮ್ಮಗಳನ್ನು ಪಕ್ಕದ ಬೀದಿಯ ಶಾಲೆಗೆ ಸೇರಿಸಿದ್ದೂ ಆಯಿತು.

ಈ ಸಲ ಖಂಡಗಳ ನಡುವಿನ ಕ್ಲಬ್ ಚಾಂಪಿಯನ್‌ಷಿಪ್ ನಮ್ಮ ಊರಿನ ಒಳಾಂಗಣ ಕ್ರೀಡಾಂಗಣದಲ್ಲೇ ನಡೆಯಿತು. ಒಂದೊಂದು ಖಂಡದಲ್ಲಿ ಗೆದ್ದ ಕ್ಲಬ್ಬುಗಳು ಬಂದಿಳಿದವು. ನನಗಂತೂ ಹಬ್ಬ. ಒಂದು ತಂಡದವರು ಪಂದ್ಯಕ್ಕೆ ಮುಂಚೆ ಮಲಗುತ್ತಾರೆ, ಇನ್ನೊಂದು ತಂಡದವರು ಕುಣಿಯುತ್ತಾರೆ. ಒಬ್ಬರು ಪಟ್ಟಿಯನ್ನು ಒಳಗಿನಿಂದ ಹೊರಕ್ಕೆ ಸುತ್ತುತ್ತಾರೆ, ಇನ್ನೊಬ್ಬರು ಹೊರಗಿನಿಂದ ಒಳಕ್ಕೆ. ಅವರ ಬಾಗಿಲುಗಳಲ್ಲಿ ಇಣುಕಿ ಇಣುಕಿ ನನ್ನ ಕುತ್ತಿಗೆ ಹಿಡಿದುಕೊಂಡಿತು.

ಸೆಮಿಫೈನಲ್‌ನಲ್ಲಿ ನಾವು ಗೆದ್ದೆವು, ಆದರೆ ಜೀವ ಬಾಯಿಗೆ ಬಂದಿತ್ತು. ಕೊನೆಯ ಗಳಿಗೆಯಲ್ಲಿ ಎದುರಾಳಿಗಳು ಎಸೆದ ಚೆಂಡು ರಿಂಗಿಗೆ ಬಡಿದು ಅದರ ಮೇಲೆಯೇ ಪುಟಿಯುತ್ತಿತ್ತು. ಕೆಳಗೆ ಏಣಿ ನಿಂತಿದ್ದ. ಜಿಗಿದ, ಕೈ ಮೇಲೆ ಹೋಯಿತು, ಇನ್ನೇನು ಚೆಂಡಿಗೆ ತಾಗಬೇಕು, ಅಷ್ಟರಲ್ಲಿ ಸರಕ್ಕನೆ ಹಿಂದೆ ಬಂತು. ಚೆಂಡು ಬಲೆಯೊಳಗೆ ಬಿತ್ತು, ಅಂಕಗಳು ಸಮವಾದವು. ಹೆಚ್ಚುವರಿ ಅವಧಿ ಆಡಿ ಹೇಗೋ ದಡ ಸೇರಿದೆವು.

ಪಂದ್ಯ ಮುಗಿದ ಮೇಲೆ ಕೋಚ್ ನನ್ನ ಕೋಣೆಗೇ ಬಂದು, ಏಣಿಯ ಕಾಲು ನನ್ನ ಕೈಯಲ್ಲಿರುವಾಗಲೇ ಹೇಳಿಬಿಟ್ಟ.

"ವರ್ಷಪೂರ್ತಿ ಇದೇ ನೋಡ್ತಿದೀನಿ. ವಾಪಸು ಬಂದ ಹೊಸದರಲ್ಲಿ ಬೆರಳು ಮುರ್ಕೊಂಡಾಗಿಂದ ನಿನಗೆ ರಿಂಗ್ ಹತ್ರ ಹೋಗೋಕೇ ಹೆದರಿಕೆ. ಮುಂದಿನ ಸೀಸನ್‌ಗೆ ತಂಡದಲ್ಲಿ ಎತ್ತರದವನಿಗೆ ಇರೋದು ಒಂದೇ ಜಾಗ. ಫೈನಲ್ ನೋಡಿ ತೀರ್ಮಾನ ಮಾಡ್ತೀನಿ."

"ಆಯ್ತು ಸಾರ್" ಎಂದ ಏಣಿ. ಅಷ್ಟೇ.

ಆ ಜಾಗ ಹೋದರೆ ಅವನು ಬೇರೆ ಊರಿನ ಕ್ಲಬ್ ಹುಡುಕಬೇಕು. ಅಟ್ಟದ ಪೆಟ್ಟಿಗೆಗಳು ಮತ್ತೆ ಕೆಳಗಿಳಿಯುತ್ತವೆ, ಮಗಳು ಮೊಮ್ಮಗಳು ಮತ್ತೆ ಎಲ್ಲಿಗೋ. ಅದರ ಜೊತೆಗೆ ಇನ್ನೊಂದು ಹುಳ ತಲೆಯಲ್ಲಿ ಕೊರೆಯತೊಡಗಿತು. ಅವನ ಬೆರಳು ನನಗೆ ಗೊತ್ತು. ವಾಸಿಯಾಗಿ ಎಷ್ಟೋ ಕಾಲವಾಗಿದೆ. ಹಿಡಿದರೆ ನನ್ನ ಮಣಿಕಟ್ಟು ನಜ್ಜಾಗುವಷ್ಟು ಬಲವಿದೆ. ಹಾಗಾದರೆ ಕೈ ಯಾಕೆ ಹಿಂದೆ ಬರುತ್ತದೆ?

ಮೊದಲು ಭುಜವಿರಬೇಕು ಎಂದುಕೊಂಡೆ. ಅಲ್ಲಿ ಒತ್ತಿದೆ, ಇಲ್ಲಿ ತಿರುಚಿದೆ. "ನೋಯ್ತಿರೋದು ನೀವು ಒತ್ತೋದಕ್ಕೆ ಅತ್ತೆ" ಎಂದ. ಮನೆಗೆ ಹೋಗಿ ಮಗಳ ಫೋನಿನಲ್ಲಿ ಆ ವರ್ಷದ ಪಂದ್ಯಗಳನ್ನೆಲ್ಲ ನೋಡಿದೆ. ನೋಡುತ್ತ ನೋಡುತ್ತ ಒಂದು ವಿಚಿತ್ರ ಕಂಡಿತು. ಚೆಂಡು ಗಾಳಿಯಲ್ಲಿ ಏರುವಾಗ ಅವನ ಕೈಗೆ ಅಂಜಿಕೆ ಇಲ್ಲ, ಬಡಿದು ಬಿಸಾಡುತ್ತದೆ. ರಿಂಗಿನಿಂದ ಆಚೆಗೆ ಸಿಡಿದ ಚೆಂಡಿಗೂ ಇಲ್ಲ. ಚೆಂಡು ಸರಿಯಾಗಿ ರಿಂಗಿನ ಮೇಲಿದ್ದಾಗ ಮಾತ್ರ ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಎಳೆದುಕೊಳ್ಳುತ್ತಾನೆ. ಹೆದರಿಕೆಗೆ ಇಷ್ಟು ಲೆಕ್ಕಾಚಾರ ಇರುತ್ತದೆಯೇ?

ಊಟದ ಮೇಜಿನಲ್ಲಿ ಅವನ ಎದುರೇ ಕೂತು ಕೇಳಿದೆ. ಮಗಳು, "ಶುರುವಾಯ್ತು ನೋಡು ವಿಚಾರಣೆ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಏಣಿ ಸುಮ್ಮನೆ ನಕ್ಕ. ಆಮೇಲೆ ಒಂದು ಲೋಟವನ್ನು ಮುಂದಕ್ಕೆಳೆದು ಅದರ ಬಾಯಿಯ ಮೇಲೆ ನಿಂಬೆಹಣ್ಣು ಇಟ್ಟ.

"ಇದು ರಿಂಗು, ಇದು ಚೆಂಡು. ನಾನು ಆಡ್ತಿದ್ನಲ್ಲ, ಆ ಲೀಗಲ್ಲಿ ಚೆಂಡು ಹೀಗೆ ರಿಂಗ್ ಮೇಲಿದ್ರೆ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ತಪ್ಪು, ಎದುರಿನವರಿಗೆ ಅಂಕ. ಇಲ್ಲಿ, ದೇಶ ದೇಶಗಳ ಪಂದ್ಯದಲ್ಲೆಲ್ಲ, ಒಂದ್ಸಲ ರಿಂಗಿಗೆ ತಾಗಿದ್ರೆ ಮುಗೀತು. ಯಾರು ಬೇಕಾದ್ರೂ ಹೊಡೆದು ಹಾಕಬಹುದು."

"ಅಯ್ಯೋ, ಒಂದೇ ಆಟಕ್ಕೆ ಎರಡು ಕಾನೂನಾ?"

"ಎರಡೂ ಗೊತ್ತು ಅತ್ತೆ. ತಲೆಗೆ ಗೊತ್ತು. ಕೈಗೆ ಗೊತ್ತಾಗ್ತಿಲ್ಲ. ಅಲ್ಲಿಗೆ ಹೋದ ಹೊಸದರಲ್ಲಿ ಮುಟ್ಟಿ ಮುಟ್ಟಿ ಬೈಸ್ಕೊಂಡಿದ್ದೆ. ಬಿಡಬೇಕು ಅಂತ ಹಟ ಹಿಡಿದು ಬಿಟ್ಟೆ. ಈಗ ಅದು ನನ್ನನ್ನ ಬಿಡ್ತಿಲ್ಲ."

"ಇದನ್ನ ಕೋಚ್‌ಗೆ ಹೇಳೋಕೇನು ಧಾಡಿ ನಿನಗೆ?"

ಅವನು ನಿಂಬೆಹಣ್ಣನ್ನು ಉರುಳಿಸುತ್ತ ಕೂತ. "ಹೆದರಿಕೆ ಅಂದ್ರೆ ಹೋಗುತ್ತೆ ಅಂತ ಕಾಯ್ತಾರೆ. ನಮ್ಮ ಆಟಾನೇ ಮರೆತು ಬಂದಿದಾನೆ ಅಂದ್ರೆ ಕಾಯಲ್ಲ. ಈಗಲೇ ಜನ ಹೊರಗಿನೋನು ಅಂತ ಕೂಗ್ತಾರೆ."

ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ಮರುದಿನ ಬೆಳಿಗ್ಗೆ ಅಭ್ಯಾಸದ ಹಾಲ್ ಖಾಲಿ ಇದ್ದಾಗ ಅವನನ್ನು ಎಳೆದುಕೊಂಡು ಹೋದೆ. ದೀಪ ಬದಲಿಸುವವರ ಏಣಿ ಹತ್ತಿ ನಿಂತು ರಿಂಗಿನ ಮೇಲೆ ಚೆಂಡು ಬಿಡುತ್ತ ಹೋದೆ. ಪಕ್ಕಕ್ಕೊಂದು ಏಣಿ, ಕಾಲ ಕೆಳಗೊಂದು ಏಣಿ, ತುದಿಯಲ್ಲಿ ನಾನೊಬ್ಬಳು ಮುದುಕಿ. ನೋಡಿದವರು ನಕ್ಕು ಸಾಯುತ್ತಿದ್ದರು. ನಿಧಾನವಾಗಿ ಮಾಡಿದಾಗ ಅವನು ಹೊಡೆದ. ನಾನು ಬೇಗ ಬೇಗ ಬಿಟ್ಟಾಗ ಕೈ ಮತ್ತೆ ಹಳೆ ಚಾಳಿ ಹಿಡಿಯಿತು. ಯೋಚನೆಗೆ ಸಮಯ ಸಿಕ್ಕರೆ ಸರಿ, ಸಿಗದಿದ್ದರೆ ಇಲ್ಲ. ಪಂದ್ಯದಲ್ಲಿ ಯೋಚನೆಗೆ ಸಮಯ ಯಾರು ಕೊಡುತ್ತಾರೆ?

ಆಗ ಬಾಗಿಲಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಏಣಿಗಿಂತಲೂ ಎತ್ತರದವನೊಬ್ಬ ತಲೆ ಬಗ್ಗಿಸಿ ಒಳಗೆ ಬಂದ. ಫೈನಲ್‌ನಲ್ಲಿ ನಮಗೆ ಎದುರಾಗಲಿದ್ದದ್ದು ಏಣಿಯ ಹಳೆಯ ಕ್ಲಬ್ಬೇ. ಇವನು ಅಲ್ಲಿನ ಪ್ರವಾಸಗಳಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿರುತ್ತಿದ್ದವನು, ಮೊಮ್ಮಗಳು ಹುಟ್ಟಿದಾಗ ಏಣಿ ಬೇರೆ ಊರಲ್ಲಿ ಆಡುತ್ತಿದ್ದನೆಂದು ನನ್ನ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು. ಮನೆಯಲ್ಲಿ ನಾವು ಅವನಿಗಿಟ್ಟ ಹೆಸರು ಕಂಬ, ನನ್ನ ಬಾಯಿಂದ ಅದು ಕ್ಲಬ್ಬಿನವರಿಗೂ ಅಂಟಿತ್ತು. ಇಬ್ಬರೂ ತಬ್ಬಿಕೊಂಡು ಅಲ್ಲಿನ ಭಾಷೆಯಲ್ಲಿ ಏನೇನೋ ಹರಟಿದರು. ಅವನು ರಿಂಗಿನ ಕಡೆ ಕೈ ತೋರಿಸಿ ಜೋರಾಗಿ ನಕ್ಕು ಹೋದ.

"ಏನಂತೆ?" ಎಂದೆ ಏಣಿಯಿಂದ ಇಳಿಯುತ್ತ.

"ಇಲ್ಲಿನ ನಿಯಮ ಓದ್ಕೊಂಡಿದೀನಿ, ನನಗೇನೂ ತೊಂದರೆ ಇಲ್ಲ ಅಂದ."

"ಹೌದಾ?"

"ನಾನೂ ಓದ್ಕೊಂಡಿದ್ದೆ ಅತ್ತೆ."

ಫೈನಲ್‌ನಲ್ಲಿ ಕೋಚ್ ಏಣಿಯನ್ನು ಹೆಚ್ಚು ಹೊತ್ತು ಬೆಂಚಿನಲ್ಲೇ ಕೂರಿಸಿದ. ಬೆಂಚಿನ ತುದಿಯಲ್ಲಿ ನನ್ನ ಪಟ್ಟಿ ಚೀಲದ ಪಕ್ಕ ಅವನ ಮಂಡಿಗಳು ಕುಣಿಯುತ್ತಿದ್ದವು. ಪಂದ್ಯ ಹಗ್ಗಜಗ್ಗಾಟವಾಯಿತು. ಕೊನೆಗೆ ನಾವು ಒಂದು ಅಂಕ ಹಿಂದೆ, ಚೆಂಡು ನಮ್ಮದು, ಒಂದೇ ಎಸೆತಕ್ಕೆ ಸಾಲುವಷ್ಟು ಸಮಯ. ಕೋಚ್ ಟೈಮ್‌ಔಟ್ ತೆಗೆದುಕೊಂಡ. ಎಲ್ಲರೂ ಅವನ ಸುತ್ತ ತಲೆ ಜೋಡಿಸಿ ನಿಂತರು. ನಾನೂ ಒಬ್ಬನ ತೋಳಿನ ಕೆಳಗೆ ತಲೆ ತೂರಿಸಿದೆ.

"ಕಂಬ ಒಳಗಿದಾನೆ. ಹತ್ರ ಹೋದ್ರೆ ಎಲ್ಲಾ ಬಡಿದು ಹಾಕ್ತಾನೆ. ದೂರದಿಂದಲೇ ಎಸೀರಿ" ಎಂದ ಕೋಚ್.

"ಬೇಡ ಸಾರ್" ಎಂದ ಏಣಿ.

ಎಲ್ಲರೂ ಅವನ ಕಡೆ ತಿರುಗಿದರು.

"ಹತ್ರದಿಂದಾನೇ, ಎತ್ತರಕ್ಕೆ, ಮೆತ್ತಗೆ ಎಸೀರಿ. ಅವನ ಕೈಗೆ ಸಿಗದ ಹಾಗೆ ಮೇಲಿಂದ ಬಂದು ಚೆಂಡು ರಿಂಗ್ ಮೇಲೆ ಕೂರಬೇಕು. ಆಮೇಲೆ ಅವನು ಮುಟ್ಟಲ್ಲ."

"ಯಾಕೆ ಮುಟ್ಟಲ್ಲ? ಮುಟ್ಟಬಹುದು ಅಂತ ಅವನಿಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ಕೈ ಹಿಂದೆ ಬರುತ್ತೆ." ಏಣಿಯ ಮುಖ ಕೆಂಪಾಗಿತ್ತು. "ನನಗೆ ಹೆದರಿಕೆ ಇಲ್ಲ ಸಾರ್. ಯಾವತ್ತೂ ಇರಲಿಲ್ಲ. ನನ್ನ ಕೈ ಇನ್ನೂ ಅಲ್ಲಿನ ಆಟಾನೇ ಆಡ್ತಿದೆ. ಮುಚ್ಚಿಟ್ಟಿದ್ದೆ. ಅವನದೂ ಅದೇ ಕೈ."

ನಾನು ಕೋಚ್‌ನ ಮುಖವನ್ನೇ ನೋಡುತ್ತಿದ್ದೆ. ಅವನ ದವಡೆ ಬಿಗಿಯಿತು, ಸಡಿಲವಾಯಿತು. "ಸರಿ, ಹಾಗೇ ಮಾಡಿ" ಎಂದ. "ನೀನೂ ಒಳಗೆ ಹೋಗು."

ನಮ್ಮ ಕುಳ್ಳ ಆಟಗಾರ ನುಗ್ಗಿ ಹೋಗಿ ಚೆಂಡನ್ನು ಆಕಾಶಕ್ಕೆ ಎಸೆದ ಹಾಗೆ ಎಸೆದ. ಅದು ಕಂಬನ ಬೆರಳ ತುದಿಗೆ ಸಿಗದೆ ದಾಟಿ, ರಿಂಗಿನ ಹಿಂಬದಿಗೆ ಬಡಿದು, ಮುಂದಕ್ಕೆ ಬಂದು, ಅಂಚಿನ ಮೇಲೆ ಪುಟಿಯಿತು. ಕಂಬ ಮತ್ತೆ ಜಿಗಿದ. ಅವನ ಅಂಗೈ ಚೆಂಡಿನ ಪಕ್ಕದಲ್ಲೇ ಇತ್ತು. ಒಂದು ಸಲ ತಟ್ಟಿದ್ದರೆ ಕಪ್ ಅವರದು. ಕೈ ಸರಕ್ಕನೆ ಹಿಂದೆ ಬಂತು. ಚೆಂಡು ಒಳಗೆ ಬಿತ್ತು, ಗಂಟೆ ಹೊಡೆಯಿತು.

ನಾನು ಯಾರನ್ನು ತಬ್ಬಿಕೊಂಡೆನೋ, ಏನು ಕಿರುಚಿದೆನೋ ನೆನಪಿಲ್ಲ. ಕೋಚ್ ಏಣಿಯ ಕುತ್ತಿಗೆಗೆ ಜೋತುಬಿದ್ದು, "ಮೊದಲೇ ಬೊಗಳೋಕೇನಾಗಿತ್ತು ನಿನಗೆ? ಆ ಜಾಗ ನಿಂದು ಕಣೋ, ನಿಂದೇ" ಎಂದದ್ದು ಮಾತ್ರ ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಇನ್ನೇನು ಬೇಕು? ಮೇಲೆ ಜನರ ನಡುವೆ ಮಗಳು ಕಣ್ಣೊರೆಸಿಕೊಳ್ಳುತ್ತ ಕೈ ಬೀಸುತ್ತಿದ್ದಳು.

ಪದಕ ಹಾಕಿಸಿಕೊಂಡು ಏಣಿ ನನ್ನ ಕೋಣೆಗೆ ಬಂದು ಮೇಜಿನ ಮೇಲೆ ಕೂತ. ನಾನು ಕತ್ತರಿ ತರಲು ಹೊರಗೆ ಹೋಗಿ ಬರುವಷ್ಟರಲ್ಲಿ ಕಂಬ ಒಳಗೆ ನಿಂತಿದ್ದ. ಜಗಳವಾಡುತ್ತಾರೇನೋ ಎಂದುಕೊಂಡೆ. ಬಾಗಿಲ ಹೊರಗೇ ನಿಂತು ಕಿವಿಯಿಟ್ಟು ಕೇಳಿದೆ, ಒಂದು ಮಾತೂ ಅರ್ಥವಾಗದಿದ್ದರೂ. ದನಿಗಳು ಏರಲಿಲ್ಲ. ಕಂಬ ಏನೋ ಕೇಳಿದ. ಏಣಿ ಒಂದೇ ಒಂದು ಪದ ಹೇಳಿದ. ಕಂಬ ಅವನ ತಲೆ ಸವರಿ ಹೊರಬಂದು, ನನಗೆ ತಲೆಬಾಗಿಸಿ ಹೋದ.

"ಏನಂತೆ?" ಎಂದು ಕೇಳುತ್ತ ಪಟ್ಟಿಗೆ ಕತ್ತರಿ ಹಾಕಿದೆ.

"ಅವರ ಕೋಚ್ ಅಲ್ಲೇ, ಎಲ್ಲರ ಮುಂದೆ, ಮುಂದಿನ ಸೀಸನ್‌ಗೆ ನೀನು ಬೇಡ ಅಂದ್ನಂತೆ."

"ಅಯ್ಯೋ. ನಿನ್ನ ಹತ್ರ ಏನು ಕೇಳಿದ?"

"ನಿಮ್ಮ ಕ್ಲಬ್ಬಲ್ಲಿ ಎತ್ತರದವನಿಗೆ ಜಾಗ ಇದೆಯಾ ಅಂತ."

"ನೀನು ಏನಂದೆ?"

"ಇದೆ ಅಂದೆ."

ಕತ್ತರಿ ನಿಂತಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ತಲೆ ಕೆಟ್ಟಿದೆಯಾ ನಿನಗೆ? ಇರೋದು ಒಂದೇ ಜಾಗ. ಈಗ ತಾನೇ ನಿನಗೆ ಸಿಕ್ಕಿರೋದನ್ನ ಅವನಿಗೆ ಬಿಟ್ಟುಕೊಡ್ತೀಯಾ? ನಿನಗೆ ಹೆಂಡ್ತಿ ಇಲ್ವಾ, ಮಗು ಇಲ್ವಾ?" ಎಂದು ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ಅವನ ಕೈ ಹಿಂದೆ ಬರುತ್ತೆ ಅಂತ ತೋರಿಸಿಕೊಟ್ಟಿದ್ದು ನಾನು ಅತ್ತೆ" ಎಂದ ಕೊನೆಗೆ. "ಇಲ್ಲ ಅನ್ನೋಕೆ ನನ್ನ ಕೈಲಿ ಆಗಲಿಲ್ಲ."

ಹೊರಗೆ ಜನ ಇನ್ನೂ ಹಾಡುತ್ತಿದ್ದರು. ಅವನನ್ನು ಹೊಡೆಯಬೇಕೆನಿಸಿತು, ಇಂಥವನ ಕೈಗೆ ಮಗಳನ್ನು ಕೊಟ್ಟೆನಲ್ಲ ಎಂದು ಹೆಮ್ಮೆಯೂ ಆಯಿತು, ಎರಡೂ ಒಟ್ಟಿಗೇ.

"ಅವಳಿಗೆ ಯಾರು ಹೇಳೋದು?" ಎಂದೆ.

ಅವನು ನನ್ನ ಮುಖ ನೋಡಿದ.

"ನಾನಂತೂ ಈಗಲೇ ಹೇಳಲ್ಲ" ಎಂದೆ. "ಮೊದಲು ಕೋಚ್ ಹತ್ರ ಹೋಗಿ ಎರಡು ಜಾಗ ಕೇಳ್ತೀನಿ. ಅವನು ಇಲ್ಲ ಅಂದ್ಮೇಲೆ ಹೇಳೋಣ."

ಇಲ್ಲ ಎನ್ನುತ್ತಾನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಪಟ್ಟಿ ಪೂರ್ತಿ ಬಿಚ್ಚಿ, ಕೈ ತೊಳೆದುಕೊಂಡು, ಕೋಚ್‌ನ ಕೋಣೆಯ ಕಡೆ ನಡೆದೆ.